ನೂರ ಐವತ್ತೈದು ಖಾಲಿ ಫೈಲುಗಳು

2001ನೇ ಇಸವಿಯಲ್ಲಿ ನಾನು ಚಳ್ಳಕೆರೆಯ ಖಾಸಗಿ ಕಂಪ್ಯೂಟರ್ ಕೇಂದ್ರವೊಂದರಲ್ಲಿ ಪ್ರೋಗ್ರಾಮರ್ ಆಗಿದ್ದೆ. ಪ್ರೋಗ್ರಾಮರ್ ಎಂಬುದು ನೇಮಕದ ಕಾಗದದಲ್ಲಿದ್ದ ಪದ. ಬೆಳಿಗ್ಗೆ ಟೈಪಿಂಗ್ ಕಲಿಸುವುದು, ಮಧ್ಯಾಹ್ನ ಯಾವುದಾದರೂ ಎಣ್ಣೆ ಮಿಲ್ಲಿನ ಕಂಪ್ಯೂಟರ್ ಕೆಟ್ಟರೆ ಹೋಗಿ ನೋಡುವುದು, ಉಳಿದ ಹೊತ್ತಿನಲ್ಲಿ ಪ್ರೋಗ್ರಾಂ ಬರೆಯುವುದು. ನನಗಾಗ ಇಪ್ಪತ್ತೇಳು ವರ್ಷ. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯಬಲ್ಲ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಎಂದು ನಂಬಿಕೊಂಡಿದ್ದೆ. ಬೇರೆಯವರೂ ಹಾಗೆ ನಂಬಲಿ ಎಂಬಂತೆ ಓಡಾಡುತ್ತಿದ್ದೆ.

ಕೇಂದ್ರದ ಮಾಲೀಕರು ರುದ್ರೇಶಪ್ಪ. ಶೇಂಗಾ ವ್ಯಾಪಾರದ ಮನೆತನದವರು. ಅಣ್ಣತಮ್ಮಂದಿರು ಮಿಲ್ಲು ನೋಡಿಕೊಳ್ಳುತ್ತಿದ್ದರೆ ಇವರು ಕಂಪ್ಯೂಟರ್ ಎಂಬ ಹೊಸ ದಾರಿ ಹಿಡಿದಿದ್ದರು. ಆ ವರ್ಷ ಮೊಳಕಾಲ್ಮೂರಿನ ರೇಷ್ಮೆ ಸೀರೆಗಳ ಹಳೆಯ ವಿನ್ಯಾಸಗಳನ್ನು ಕಂಪ್ಯೂಟರಿಗೆ ಹಾಕಿ ಉಳಿಸುವ ಸರ್ಕಾರಿ ಯೋಜನೆಯೊಂದರ ಕೆಲಸ ಅವರಿಗೆ ಸಿಕ್ಕಿತು. ಅದರ ಪ್ರೋಗ್ರಾಂ ಬರೆಯುವ ಹೊಣೆ ನನ್ನದಾಯಿತು.

ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಸೀರೆಯ ಅಂಚು, ಸೆರಗು, ಬುಟ್ಟಾಗಳ ಚಿತ್ರವನ್ನು ಮೊದಲು ಚೌಕುಳಿಯ ಗ್ರಾಫ್ ಹಾಳೆಯ ಮೇಲೆ ಬರೆಯುತ್ತಾರೆ. ಅದನ್ನು ನೋಡಿಕೊಂಡು ಉದ್ದನೆಯ ರಟ್ಟುಗಳಲ್ಲಿ ತೂತು ಹೊಡೆಯುತ್ತಾರೆ. ಆ ರಟ್ಟುಗಳನ್ನು ಸರದಂತೆ ಹೊಲಿದು ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಏರಿಸಿದರೆ, ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ತೂತಿಲ್ಲದಲ್ಲಿ ಏಳುವುದಿಲ್ಲ. ಹಾಗೆ ಹಂಸ, ಮಾವಿನಕಾಯಿ, ರುದ್ರಾಕ್ಷಿಗಳು ಬಟ್ಟೆಯಲ್ಲಿ ಮೂಡುತ್ತವೆ. ಗ್ರಾಫ್ ಹಾಳೆ ಹೋದರೆ ವಿನ್ಯಾಸವೇ ಹೋದಂತೆ. ನಮ್ಮ ಯೋಜನೆಯಲ್ಲಿ ಹಾಳೆಗಳನ್ನು ಸ್ಕ್ಯಾನ್ ಮಾಡಿ, ವಿನ್ಯಾಸದ ಫೈಲಾಗಿ ಪರಿವರ್ತಿಸಿ ಇಡಬೇಕಿತ್ತು. ಮುಂದೆ ಬರಲಿದ್ದ ಯಂತ್ರವೊಂದು ಆ ಫೈಲನ್ನು ಓದಿ ತಾನೇ ರಟ್ಟುಗಳಿಗೆ ತೂತು ಹೊಡೆಯಲಿತ್ತು.

ಪರಿವರ್ತಿಸುವ ಪ್ರೋಗ್ರಾಂ ಯಂತ್ರದ ಕಂಪನಿಯದು. ಅದನ್ನು ನಾನು ಬರೆಯಬೇಕಿರಲಿಲ್ಲ. ನನ್ನದು ಅದನ್ನು ಓಡಿಸುವ ಪ್ರೋಗ್ರಾಂ, ಕನ್ಸೋಲ್ ಅಪ್ಲಿಕೇಶನ್. ಅಂದರೆ ಚಿತ್ರ, ಗುಂಡಿಗಳ ಅಲಂಕಾರವಿಲ್ಲದೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ನಡೆಯುವಂಥದ್ದು. ಒಂದು ಪ್ರೋಗ್ರಾಂ ಇನ್ನೊಂದನ್ನು ಹುಟ್ಟುಹಾಕಿ ಕೆಲಸಕ್ಕೆ ಹಚ್ಚಿದರೆ ಮೊದಲನೆಯದು ತಾಯಿ, ಎರಡನೆಯದು ಮಗು, ನಮ್ಮ ಭಾಷೆಯಲ್ಲಿ ಚೈಲ್ಡ್ ಪ್ರೋಸೆಸ್. ದಿನದ ಸ್ಕ್ಯಾನ್ ಮುಗಿದ ಮೇಲೆ ಓಡಿಸಿದರೆ ನನ್ನ ತಾಯಿ ಪ್ರೋಗ್ರಾಂ ಒಂದೊಂದು ಹಾಳೆಗೆ ಒಂದೊಂದು ಮಗುವನ್ನು ಹುಟ್ಟಿಸಿ, ಅದು ಮುಗಿಯುವವರೆಗೆ ಕಾದು, ಪರದೆಯ ಮೇಲೆ ‘ಉಳಿಸಲಾಗಿದೆ’ ಎಂದು ಬರೆಯುತ್ತಿತ್ತು. ದಿನದ ಎಲ್ಲ ಹಾಳೆ ಮುಗಿದ ಮೇಲೆ ಸ್ಕ್ಯಾನ್ ಮಾಡಿದ ಮೂಲ ಚಿತ್ರಗಳನ್ನು ಅಳಿಸುತ್ತಿತ್ತು. ಒಂದೊಂದು ಚಿತ್ರ ಹತ್ತು ಎಂಬಿ. ಕಂಪ್ಯೂಟರಿನ ಡಿಸ್ಕ್ ಎರಡೇ ಜಿಬಿ. ಅಳಿಸದಿದ್ದರೆ ಎರಡು ಮೂರು ದಿನದಲ್ಲೇ ಜಾಗ ಮುಗಿದುಹೋಗುತ್ತಿತ್ತು.

ಮೊಳಕಾಲ್ಮೂರಿನಲ್ಲಿ ನೇಕಾರರ ಕಟ್ಟಡವೊಂದರ ಕೋಣೆಯಲ್ಲಿ ಕಂಪ್ಯೂಟರ್ ಮತ್ತು ಸ್ಕ್ಯಾನರ್ ಇಟ್ಟೆವು. ಆಪರೇಟರ್ ಆಗಿ ನಾಗರತ್ನ ಎಂಬವಳನ್ನು ತೆಗೆದುಕೊಂಡೆವು. ರಾಯದುರ್ಗದ ಕಡೆಯ ಹೆಣ್ಣುಮಗಳು, ಪಿಯುಸಿ ಓದಿದ್ದಳು, ನನಗಿಂತ ಎರಡು ಮೂರು ವರ್ಷ ಚಿಕ್ಕವಳು. ಅವಳ ಮಾವ ಗೋವಿಂದಪ್ಪ ಊರಿನಲ್ಲಿ ಹೆಸರಾದ ವಿನ್ಯಾಸಗಾರರು. ಅವರು ಮತ್ತು ಅವರ ತಂದೆ ಬರೆದ ಗ್ರಾಫ್ ಹಾಳೆಗಳು ಆ ಮನೆಯ ಅಟ್ಟದ ಮೇಲೆ ಎರಡು ತಗಡಿನ ಪೆಟ್ಟಿಗೆಗಳಲ್ಲಿದ್ದವು. ಯಾರು ಕೇಳಿದರೂ ಕೊಟ್ಟವರಲ್ಲ. ಸೊಸೆ ಒಂದು ತಿಂಗಳು ಹಿಂದೆ ಬಿದ್ದು ಒಪ್ಪಿಸಿದಳು.

ಹಾಳೆ ಒಪ್ಪಿಸಿದ ದಿನ ಆ ಯಜಮಾನರು ನನ್ನನ್ನು ಕೂರಿಸಿಕೊಂಡು ಒಂದೊಂದನ್ನೇ ಎತ್ತಿ ತೋರಿಸಿದರು. ಅರ್ಧ ತೆಲುಗು, ಅರ್ಧ ಕನ್ನಡ. ಕೆಲವು ಹಾಳೆಗಳ ಅಂಚು ಗೆದ್ದಲು ತಿಂದು ಹೋಗಿತ್ತು, ಮಡಿಕೆಗಳಲ್ಲಿ ಹರಿದು ಬರುತ್ತಿದ್ದವು.

“ಇದು ನಮ್ ನಾಯಿನ ಬರೆದಿದ್ದು,” ಎಂದು ಅವರು ಒಂದನ್ನು ನನ್ನ ಕೈಗೆ ಕೊಡದೆ ಗಾಳಿಯಲ್ಲೇ ಹಿಡಿದು ತೋರಿಸಿದರು. ನಾಯಿನ ಎಂದರೆ ಅಪ್ಪ. “ಈ ಹಂಸದ ಕುತ್ತಿಗೆ ನೋಡಮ್ಮ. ಇದನ್ನ ತಿರುವೋಕೆ ಮೂರು ದಿನ ಹಿಡೀತಂತೆ. ನಿಮ್ ಮಿಷನ್ನು ಈ ತಿರುವು ಹಿಡೀತೈತಾ?”

“ಒಂದು ಚೌಕನೂ ಬಿಡಲ್ಲ ಯಜಮಾನ್ರೇ,” ಎಂದೆ.

“ಆಯ್ತು ತಲ್ಲೀ, ಮಾಡ್ಕೊಳ್ರಿ,” ಎಂದು ಸೊಸೆಯ ಕಡೆ ತಿರುಗಿದರು. ಅವಳನ್ನು ಅವರು ಹಾಗೆಯೇ ಕರೆಯುತ್ತಿದ್ದುದು, ತಲ್ಲಿ, ತಾಯಿ ಎಂದು.

ಕೆಲಸ ಶುರುವಾಗುವ ಮೊದಲು ಯೋಜನೆಯ ಅಧಿಕಾರಿಗಳ ಮುಂದೆ ಒಂದು ಡೆಮೊ ಇತ್ತು. ಅದರ ಹಿಂದಿನ ದಿನ ರುದ್ರೇಶಪ್ಪ ನನ್ನ ಪಕ್ಕ ನಿಂತು ಪ್ರೋಗ್ರಾಂ ಓಡಿಸಿ ನೋಡಿದರು. ಒಂದು ಹಾಳೆಗೆ ನಾಲ್ಕು ನಿಮಿಷ. ಅಷ್ಟು ಹೊತ್ತು ತಾಯಿ ಪ್ರೋಗ್ರಾಂ ಮಗುವಿಗಾಗಿ ಕಾಯುತ್ತಿತ್ತು, ಪರದೆಯ ಮೇಲೆ ಏನೂ ಅಲುಗಾಡುತ್ತಿರಲಿಲ್ಲ.

“ಇದೇನಮ್ಮ ಉಮಾ, ನಿಂತೇ ಹೋಗೈತೆ?”

“ನಿಂತಿಲ್ಲ ಸಾರ್, ಕಾಯ್ತಾ ಐತೆ.”

“ನಿಂಗೆ ಗೊತ್ತು ಕಾಯ್ತೈತೆ ಅಂತ. ನೋಡೋರಿಗೆ ಕೆಟ್ಟೈತೆ ಅನ್ನಿಸ್ತದೆ. ಪಟಪಟ ಅಂತ ಹೋಗೋ ಹಂಗೆ ಮಾಡು.”

ಪ್ರೋಗ್ರಾಮಿನಲ್ಲಿ ಮಗುವನ್ನು ಹುಟ್ಟಿಸುವ ಆಜ್ಞೆಯ ಹೆಸರು ಕ್ರಿಯೇಟ್‌ಪ್ರೋಸೆಸ್. ಅದರ ಕೆಳಗಿನ ಸಾಲಿನಲ್ಲಿ ‘ಮಗು ಮುಗಿಸುವವರೆಗೆ ಕಾಯಿ’ ಎಂಬ ಆಜ್ಞೆ. ಆ ಎರಡನೇ ಸಾಲಿನ ಮುಂದೆ ಎರಡು ಓರೆ ಗೀಟು ಎಳೆದೆ. ಹಾಗೆ ಎಳೆದರೆ ಕಂಪ್ಯೂಟರ್ ಆ ಸಾಲನ್ನು ಓದದೆ ಮುಂದೆ ಹೋಗುತ್ತದೆ. ಪರಿವರ್ತನೆಯ ಪ್ರೋಗ್ರಾಂ ನಡುನಡುವೆ ಪರದೆಯ ಮೇಲೆ ಸಣ್ಣ ಕಿಟಕಿ ತೆರೆದು ಏನಾದರೂ ಹೇಳುತ್ತಿದ್ದುದು ಕಿರಿಕಿರಿ ಎಂದು, ಅದಕ್ಕೆ ಸದ್ದಿಲ್ಲದೆ ಕೆಲಸ ಮಾಡು ಎಂಬ ಸೂಚನೆಯನ್ನೂ ಮೊದಲೇ ಕೊಟ್ಟಿದ್ದೆ. ಮೂರು ಹಾಳೆ ಹಾಕಿ ನೋಡಿದೆವು. ‘ಉಳಿಸಲಾಗಿದೆ, ಉಳಿಸಲಾಗಿದೆ, ಉಳಿಸಲಾಗಿದೆ’ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಆಮೇಲೆ ನಿಧಾನವಾಗಿ ಮೂರೂ ಫೈಲುಗಳು ಸರಿಯಾಗಿಯೇ ತಯಾರಾದವು. ರುದ್ರೇಶಪ್ಪ ನಕ್ಕು, “ಇದು ನೋಡು ಕೆಲಸ ಅಂದ್ರೆ,” ಎಂದರು.

ಡೆಮೊ ಚೆನ್ನಾಗಿ ಆಯಿತು. ಮುಗಿದ ಮೇಲೆ ಗೀಟು ತೆಗೆದು ಹಳೆಯ ಸಾಲನ್ನು ಮತ್ತೆ ಸೇರಿಸಬೇಕು ಅಂದುಕೊಂಡಿದ್ದೆ. ಆ ವಾರ ಎರಡು ಮಿಲ್ಲುಗಳಲ್ಲಿ ಕಂಪ್ಯೂಟರ್ ಕೆಟ್ಟಿತ್ತು. ಮರೆತೆ ಎಂದು ಹೇಳಿದರೆ ಪೂರ್ತಿ ನಿಜವಾಗುವುದಿಲ್ಲ. ಎರಡು ಸಲ ನೆನಪಾಗಿತ್ತು. ಮೊಳಕಾಲ್ಮೂರಿಗೆ ಒಂದು ದಿನದ ಓಡಾಟ, ಹೇಗೂ ನಡೆಯುತ್ತಿದೆಯಲ್ಲ ಎಂದು ಬಿಟ್ಟೆ.

ನಾಗರತ್ನ ಆರು ದಿನಗಳಲ್ಲಿ ನೂರ ಎಂಬತ್ತಾರು ಹಾಳೆಗಳನ್ನು ಸ್ಕ್ಯಾನ್ ಮಾಡಿದಳು. ಹರಿದವನ್ನು ಅಂಟಿಸಿ, ಮಡಿಕೆ ಬಿಡಿಸಿ, ಒಂದೊಂದಕ್ಕೂ ಹೆಸರು ಕೊಟ್ಟು. ಪ್ರತಿ ಸಂಜೆ ಫೈಲುಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಎಣಿಕೆ ಒಂದು ದಿನವೂ ತಪ್ಪಲಿಲ್ಲ.

ಏಳನೆಯ ದಿನ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಎಸ್‌ಟಿಡಿ ಬೂತಿನಿಂದ ಕೇಂದ್ರಕ್ಕೆ ಫೋನ್ ಮಾಡಿದಳು.

“ಮೇಡಂ, ಎಲ್ಲಾ ಮುಗೀತು. ಉಳಿಸಲಾಗಿದೆ ಅಂತ ನೂರೆಂಬತ್ತಾರಕ್ಕೂ ಬಂದೈತೆ. ಎಣಿಸಿದ್ದೀನಿ. ಒಂದ್ ಮಾತು ಕೇಳ್ಬೇಕಿತ್ತು. ಹಾಳೆಗೆ ಗೆದ್ದಲು ಭಾಳ ಹಿಡಿದೈತೆ. ಅಟ್ಟದ ತೊಲೆಗೂ ಹತ್ತೈತೆ. ಮಾವ ನಿಮ್ಮನ್ನ ಕೇಳು ಅಂದ್ರು. ಕಂಪ್ಯೂಟರ್‌ನಾಗೆ ಭದ್ರ ಇದ್ರೆ ಹಳೇವನ್ನ ಒಲೆಗೆ ಹಾಕ್ತಾರಂತೆ. ಹಾಕಬೋದಾ?”

ನನ್ನ ಮುಂದೆ ಟೈಪಿಂಗ್ ಕಲಿಯುವವರು ಕುಳಿತಿದ್ದರು. ಯೋಚನೆಗೆ ಎಷ್ಟು ಹೊತ್ತು ತೆಗೆದುಕೊಂಡೆನೋ, ಒಂದು ಉಸಿರಿಗಿಂತ ಹೆಚ್ಚಿರಲಾರದು.

“ಹಾಕಬೋದು,” ಎಂದೆ. “ಅದೇ ಹೇಳ್ತಾ ಐತಲ್ಲ ಉಳಿಸಿದೀನಿ ಅಂತ.”

ರಟ್ಟಿಗೆ ತೂತು ಹೊಡೆಯುವ ಯಂತ್ರ ಬಂದದ್ದು ನಾಲ್ಕು ತಿಂಗಳ ನಂತರ, 2002ರ ಬೇಸಿಗೆ ಶುರುವಿನಲ್ಲಿ. ಚಾಲನೆ ಕೊಡುವ ಸಣ್ಣ ಸಮಾರಂಭಕ್ಕೆ ರುದ್ರೇಶಪ್ಪನವರ ಜೊತೆ ನಾನೂ ಹೋದೆ. ತಳಕು, ಬಿ.ಜಿ. ಕೆರೆ ದಾಟಿ ಹೋಗುವಾಗ ದಾರಿಯುದ್ದಕ್ಕೂ ಅವರು ಮುಂದಿನ ಕೆಲಸಗಳ ಮಾತಾಡುತ್ತಿದ್ದರು. ಕೋಣೆ ತುಂಬ ನೇಕಾರರು. ಮುಂದಿನ ಸಾಲಿನಲ್ಲಿ ಬಿಳಿ ಪಂಚೆ ಉಟ್ಟು ಗೋವಿಂದಪ್ಪ ಕುಳಿತಿದ್ದರು. ನಾಗರತ್ನ ತಲೆಗೆ ಹೂವು ಮುಡಿದು ಕಂಪ್ಯೂಟರಿನ ಮುಂದೆ ಕುಳಿತಿದ್ದಳು.

ಮೊದಲು ಒಂದು ಮಾವಿನಕಾಯಿ ಬುಟ್ಟಾ ಆರಿಸಿದಳು. ಯಂತ್ರ ಟಕಟಕ ಎಂದು ರಟ್ಟುಗಳನ್ನು ಹೊರಗೆ ತಳ್ಳಿತು. ಸಾಲುಸಾಲು ತೂತುಗಳು. ಒಬ್ಬ ನೇಕಾರ ರಟ್ಟನ್ನು ಬೆಳಕಿಗೆ ಹಿಡಿದು ನೋಡಿ ತಲೆದೂಗಿದ. ಚಪ್ಪಾಳೆ ಬಿತ್ತು. ಗೋವಿಂದಪ್ಪ ಎದ್ದು ಬಂದು ಸೊಸೆಯ ಹಿಂದೆ ನಿಂತು, “ನಾಯಿನ ಬರೆದ ಹಂಸ ಹಾಕು ತಲ್ಲೀ,” ಎಂದರು.

ಅವಳು ಹಂಸದ ಫೈಲು ಕೊಟ್ಟಳು. ರಟ್ಟು ಹೊರಗೆ ಬಂತು. ತೂತಿರಲಿಲ್ಲ. ಇನ್ನೊಂದು ಬಂತು, ಅದರಲ್ಲೂ ಇಲ್ಲ. ಗೋವಿಂದಪ್ಪ ಖಾಲಿ ರಟ್ಟನ್ನು ಕೈಗೆತ್ತಿಕೊಂಡು ಎರಡೂ ಕಡೆ ತಿರುಗಿಸಿ ನೋಡಿದರು.

“ಇದೇನಮ್ಮ, ತೂತೇ ಇಲ್ಲ?”

ನಾಗರತ್ನ ಬೇರೆ ಫೈಲು ಕೊಟ್ಟಳು. ಖಾಲಿ. ಇನ್ನೊಂದು. ಖಾಲಿ. ನಾನು ಅವಳನ್ನು ಪಕ್ಕಕ್ಕೆ ಸರಿಸಿ ಫೈಲುಗಳ ಅಳತೆ ತೆಗೆದು ನೋಡಿದೆ. ಹೆಸರುಗಳ ಪಟ್ಟಿ ಉದ್ದಕ್ಕೆ ಇತ್ತು. ಹೆಸರಿನ ಎದುರು ಸೊನ್ನೆ, ಸೊನ್ನೆ, ಸೊನ್ನೆ. ನೂರ ಎಂಬತ್ತಾರರಲ್ಲಿ ಮೂವತ್ತೊಂದು ಫೈಲುಗಳಲ್ಲಿ ಮಾತ್ರ ಏನಾದರೂ ಇತ್ತು. ನೂರ ಐವತ್ತೈದು ಖಾಲಿ.

ಎಲ್ಲರೂ ಕೇಳುವಂತೆ ರುದ್ರೇಶಪ್ಪ ನಾಗರತ್ನಳನ್ನು ಕೇಳಿದರು: “ಏನಮ್ಮ ಅಳಿಸಿದೆ ನೀನು?”

“ನಾನೇನೂ ಅಳಿಸಿಲ್ಲ ಸಾರ್.”

“ಮತ್ತೆ ಕಂಪ್ಯೂಟರೇ ಅಳಿಸ್ತಾ? ಇದರ ಮುಂದೆ ಕೂರೋಳು ನೀನೊಬ್ಬಳೇ ಅಲ್ವಾ?”

ಅವಳು ನನ್ನ ಕಡೆ ನೋಡಿದಳು. ಆ ಗಳಿಗೆಯಲ್ಲಿ ನನಗೆ ಕಾರಣ ನಿಜವಾಗಿಯೂ ಗೊತ್ತಿರಲಿಲ್ಲ. “ನೋಡ್ತೀನಿ,” ಎಂದೆ. ಅಷ್ಟೇ ಹೇಳಿದೆ. ಗೋವಿಂದಪ್ಪ ಖಾಲಿ ರಟ್ಟನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದರು.

ಹಾಳೆಗಳು ಒಲೆ ಸೇರಿ ನಾಲ್ಕು ತಿಂಗಳಾಗಿತ್ತು. ಅಳಿಸಿಹೋದ ಮೂಲ ಚಿತ್ರಗಳನ್ನು ಡಿಸ್ಕಿನಿಂದ ಹೊರತೆಗೆಯಲು ಎರಡು ದಿನ ಹೆಣಗಿದೆ. ಪ್ರತಿ ದಿನದ ಹಾಳೆಗಳು ಹಿಂದಿನ ದಿನದವುಗಳ ಜಾಗದಲ್ಲಿ ಕುಳಿತಿದ್ದವು, ಆಮೇಲೆ ನಾಲ್ಕು ತಿಂಗಳ ಬೇರೆ ಕೆಲಸಗಳೂ ಅಲ್ಲೇ ಕುಳಿತಿದ್ದವು. ಒಂದು ಚಿತ್ರದ ಮೇಲಿನ ಕಾಲು ಭಾಗ ಬಂತು. ಉಳಿದದ್ದು ಬೂದು ಗೆರೆಗಳು. ಮೂರನೆಯ ದಿನ ಬೆಳಿಗ್ಗೆ ಚಳ್ಳಕೆರೆಯಲ್ಲಿ ಕುಳಿತು ನನ್ನ ಪ್ರೋಗ್ರಾಮನ್ನೇ ಮೊದಲಿನಿಂದ ಓದಿದೆ. ಎರಡು ಓರೆ ಗೀಟು ಕಂಡವು.

ಆಗಿದ್ದು ಇಷ್ಟು. ಕಾಯುವ ಸಾಲು ಇಲ್ಲವಾದ್ದರಿಂದ ತಾಯಿ ಪ್ರೋಗ್ರಾಂ ದಿನಕ್ಕೆ ಮೂವತ್ತೊಂದು ಮಕ್ಕಳನ್ನು ಒಂದರ ಬೆನ್ನಿಗೊಂದು ಹುಟ್ಟಿಸುತ್ತಿತ್ತು. ಆ ಕಂಪ್ಯೂಟರಿನ ಮೆಮೊರಿ ಮೂವತ್ತೆರಡು ಎಂಬಿ. ಮೊದಲ ಐದಾರು ಮಕ್ಕಳು ಹೇಗೋ ಕೆಲಸ ಮುಗಿಸಿದವು. ಉಳಿದವು ಫೈಲಿಗೆ ಒಂದು ಹೆಸರು ಕೊಟ್ಟು, ಒಳಗೆ ಏನೂ ಬರೆಯಲು ಮೆಮೊರಿ ಸಿಗದೆ ಸತ್ತವು. ಸಾಯುವಾಗ ಪ್ರತಿಯೊಂದು ಪ್ರೋಗ್ರಾಮೂ ಒಂದು ಸಂಖ್ಯೆ ಬಿಟ್ಟು ಹೋಗುತ್ತದೆ, ಅದಕ್ಕೆ ಎಕ್ಸಿಟ್ ಕೋಡ್ ಎನ್ನುತ್ತಾರೆ. ಸೊನ್ನೆಯಾದರೆ ಕೆಲಸ ಆಯಿತು, ಬೇರೆ ಏನಾದರೂ ಆದರೆ ಕೆಟ್ಟಿತು ಎಂದು ಸಾಮಾನ್ಯ ರೂಢಿ. ಆ ಮಕ್ಕಳೆಲ್ಲ ಕೆಟ್ಟಿತು ಎಂದೇ ಹೇಳಿ ಹೋಗಿದ್ದವು. ಕೇಳುವವರು ಇರಲಿಲ್ಲ. ಕಿಟಕಿ ತೆರೆದು ದೂರು ಹೇಳುವುದನ್ನೂ ನಾನೇ ನಿಲ್ಲಿಸಿದ್ದೆ. ಮಗು ಹುಟ್ಟಿದ್ದನ್ನೇ ಕೆಲಸ ಮುಗಿದದ್ದು ಎಂದು ತಿಳಿದು ನನ್ನ ಪ್ರೋಗ್ರಾಂ ‘ಉಳಿಸಲಾಗಿದೆ’ ಎಂದು ಬರೆದು, ಸಂಜೆ ಮೂಲಗಳನ್ನು ಅಳಿಸಿಹಾಕಿತ್ತು. ಫೈಲಿನ ಹೆಸರುಗಳು ಇದ್ದುದರಿಂದ ನಾಗರತ್ನಳ ಎಣಿಕೆ ಸರಿಹೋಗಿತ್ತು.

ರುದ್ರೇಶಪ್ಪನವರಿಗೆ ಪರದೆ ತೋರಿಸಿ ಎಲ್ಲ ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು. ಬುದ್ಧಿವಂತರು, ಅರ್ಥವಾಯಿತು. ಎದ್ದು ಬಾಗಿಲು ಮುಂದೆ ಮಾಡಿ ಬಂದು ಕುಳಿತರು.

“ಇದನ್ನ ಇನ್ಯಾರಿಗೆ ಹೇಳಿದ್ದೀಯ?”

“ಯಾರಿಗೂ ಇಲ್ಲ ಸಾರ್.”

“ಹೇಳಬೇಡ. ಆ ಹುಡುಗಿಗೇನು, ಮನೇಲಿ ಮಗ್ಗ ಐತೆ. ನಿಂಗೇನೈತೆ? ಇದು ಹೊರಗೆ ಬಂದ್ರೆ ನಾಳೆ ಈ ಊರಾಗೆ ನಿನ್ನ ಕೈಗೆ ಯಾರೂ ಕಂಪ್ಯೂಟರ್ ಕೊಡಲ್ಲ.”

ಮಧ್ಯಾಹ್ನ ಒಂದು ವರದಿ ಬರೆದು ತಂದು ಮುಂದಿಟ್ಟರು. ‘ನಿರ್ವಾಹಕರ ಅಜಾಗರೂಕತೆಯಿಂದ ಕಡತಗಳು ಅಳಿಸಿಹೋಗಿವೆ.’ ಕೆಳಗೆ ತಾಂತ್ರಿಕ ಸಿಬ್ಬಂದಿಯ ಸಹಿಗೆ ಜಾಗ. ಅಜಾಗರೂಕತೆ ಎಂಬ ಪದದಲ್ಲಿ ಅವರು ಒಂದು ದೀರ್ಘಾಕ್ಷರವನ್ನು ತಪ್ಪಾಗಿ ಬರೆದಿದ್ದರು. ನಾನು ಪೆನ್ನು ತೆಗೆದು ಅದನ್ನು ತಿದ್ದಿದೆ. ತಿದ್ದಿ, ಸಹಿ ಹಾಕಿದೆ.

ಯಾರೂ ನನ್ನ ಕೈ ಹಿಡಿದು ಹಾಕಿಸಲಿಲ್ಲ. ಹೆದರಿದ್ದೆ ನಿಜ. ಆದರೆ ಭಯಕ್ಕಿಂತ ಹೆಚ್ಚಾಗಿ, ಊರಿನ ಏಕೈಕ ಹೆಣ್ಣು ಪ್ರೋಗ್ರಾಮರ್ ತಪ್ಪು ಮಾಡಿದಳು ಎಂಬ ಮಾತು ಕೇಳಲು ನನಗೆ ಮನಸ್ಸಿರಲಿಲ್ಲ. ಅದರ ಬದಲು ಇನ್ನೊಬ್ಬಳು ಕೇಳಲಿ ಎಂದು ಬಿಟ್ಟೆ. ಆ ವಾರವೇ ನಾಗರತ್ನಳನ್ನು ಕೆಲಸದಿಂದ ತೆಗೆದರು. ಪ್ರೋಗ್ರಾಮಿನಲ್ಲಿದ್ದ ಎರಡು ಗೀಟುಗಳನ್ನು ನಾನು ತೆಗೆದೆ. ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಮರುವರ್ಷ ನನಗೆ ಪಾಲಿಟೆಕ್ನಿಕ್ ಒಂದರಲ್ಲಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ರುದ್ರೇಶಪ್ಪನವರ ಹಂಗು ಹರಿದಿತ್ತು, ಇನ್ನು ಹೆದರಲು ಏನೂ ಇರಲಿಲ್ಲ. ಧೈರ್ಯ ಬಂದದ್ದು ಆಗ, ಅದು ಯಾವ ಬಗೆಯ ಧೈರ್ಯ ಎಂದು ಓದುವವರೇ ಹೇಳಲಿ. ಸಹಿ ಹಾಕಿ ಹದಿನಾರು ತಿಂಗಳಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಖಾಸಗಿ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದೆ. ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಚೀಲದಲ್ಲಿಟ್ಟುಕೊಂಡಿದ್ದೆ.

ನಾಗರತ್ನ ಮನೆಯ ಪಡಸಾಲೆಯಲ್ಲಿ ರಾಟೆ ಹಾಕಿಕೊಂಡು ರೇಷ್ಮೆ ಸುತ್ತುತ್ತಿದ್ದಳು. ಒಳಗಿನ ಗುಂಡಿಮಗ್ಗದಲ್ಲಿ ಅವಳ ಗಂಡ ನೇಯುತ್ತಿದ್ದ ಸದ್ದು ಬರುತ್ತಿತ್ತು. ನನ್ನನ್ನು ಕಂಡು ಚಾಪೆ ತೋರಿಸಿದಳು. ಏಳಲಿಲ್ಲ.

“ನಾಗರತ್ನ, ಆ ಫೈಲು ಹೋಗಿದ್ದು ನಿನ್ನಿಂದಲ್ಲ. ನನ್ನ ಪ್ರೋಗ್ರಾಮಿಂದ.”

“ಗೊತ್ತು ಮೇಡಂ,” ಎಂದಳು. ರಾಟೆ ನಿಲ್ಲಲಿಲ್ಲ.

“ಯಾರು ಹೇಳಿದ್ರು?”

“ಯಾರ್ ಹೇಳ್ಬೇಕು? ನಾನು ಅಳಿಸಿಲ್ಲ ಅಂತ ನಂಗೆ ಗೊತ್ತಿತ್ತು. ಇನ್ನು ಉಳಿದೋರು ನೀವೊಬ್ರೇ ಅಲ್ವಾ?”

“ಯಜಮಾನ್ರಿಗೆ ನಾನೇ ಹೇಳ್ಬೇಕು ಅಂತ ಬಂದೆ. ಎಲ್ಲಿದ್ದಾರೆ?” ಎಂದೆ.

“ಮಾವ ತೀರ್ಕೊಂಡು ಐದು ತಿಂಗಳಾತು.”

ಅವಳೇ ಹೇಳಿದಳು. ಸಮಾರಂಭದ ದಿನ ಮನೆಗೆ ಬಂದವರು ಅವಳನ್ನು ತಲ್ಲಿ ಎನ್ನುವುದಿರಲಿ, ಹೆಸರು ಹಿಡಿದೂ ಕರೆಯಲಿಲ್ಲವಂತೆ. ಬೈಯಲಿಲ್ಲ, ಹೊಡೆಯಲಿಲ್ಲ, ಅವಳು ಬಡಿಸಿದ್ದನ್ನು ಉಂಡರು. ಏನು ಬೇಕಾದರೂ ಮಗನಿಗೆ ಹೇಳಿ, ಮಗ ಇವಳಿಗೆ ಹೇಳಬೇಕಿತ್ತು. ಹೊಸ ಗ್ರಾಫ್ ಹಾಳೆ ತರಿಸಿಕೊಂಡು ನೆನಪಿನಿಂದಲೇ ವಿನ್ಯಾಸಗಳನ್ನು ಮತ್ತೆ ಬರೆಯಲು ಕುಳಿತರು. ಕಣ್ಣು ಕಾಣುತ್ತಿರಲಿಲ್ಲ, ಕೈ ನಡುಗುತ್ತಿತ್ತು. ಇವಳು ಪೆನ್ಸಿಲ್ ಜೀವಿ ಪಕ್ಕದಲ್ಲಿಟ್ಟು ಸರಿದು ಹೋಗುತ್ತಿದ್ದಳು. ಹನ್ನೊಂದು ಹಾಳೆ ಮುಗಿದವು. ಹಂಸವನ್ನು ಮೂರು ಸಲ ಬರೆದು ಮೂರು ಸಲವೂ ಹರಿದರಂತೆ.

“ಸಾಯೋ ಹಿಂದಿನ ದಿನ ನಮ್ಮನೆಯೋರನ್ನ ಕರೆದು ಅಂದ್ರಂತೆ,” ಎಂದು ನಾಗರತ್ನ ಹೇಳಿದಳು, “‘ಅವಳಿಗೆ ಹೇಳು, ನಾನು ಕ್ಷಮಿಸಿದ್ದೀನಿ’ ಅಂತ.” ಈಗ ಅವಳ ಕೈ ನಿಂತಿತು. “ಮಾಡದಿರೋ ತಪ್ಪಿಗೆ ಕ್ಷಮೆ ತಗಂಡು ನಾನೇನ್ ಮಾಡ್ಲಿ ಮೇಡಂ? ಬ್ಯಾಡ ಅನ್ನೋಕೂ ಅವ್ರಿಲ್ಲ.”

ನಾನು ಚೀಲದಿಂದ ಹಾಳೆ ತೆಗೆದು ಕೊಟ್ಟೆ. ಅವಳು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ.

“ಓದ್ರಿ. ಗಟ್ಟಿಯಾಗಿ ಓದ್ರಿ.”

ಓದಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಒಳಗೆ ಮಗ್ಗದ ಸದ್ದು ನಿಂತಿತು. ನನ್ನ ಸಹಿಯವರೆಗೆ ಓದಿ ಮುಗಿಸಿದೆ. ಒಳಗಿನಿಂದ ಯಾರೂ ಬರಲಿಲ್ಲ. ತುಂಬ ಹೊತ್ತಾದ ಮೇಲೆ ಮಗ್ಗ ಮತ್ತೆ ಶುರುವಾಯಿತು. ನಾಗರತ್ನ ಹಾಳೆಯನ್ನು ನನ್ನ ಕೈಯಿಂದ ತೆಗೆದು, ಮಡಿಸಿ, ಗೋಡೆಯ ಗೂಡಿನಲ್ಲಿಟ್ಟು ಬಂದು ರಾಟೆಯ ಮುಂದೆ ಕುಳಿತಳು. “ಹನ್ನೆರಡಕ್ಕೊಂದು ಬಸ್ಸೈತೆ ಮೇಡಂ,” ಎಂದಳು.

ಆ ಹಾಳೆಯ ಇನ್ನೊಂದು ಪ್ರತಿಯನ್ನು ಮರುವಾರ ಯೋಜನೆಯ ಕಚೇರಿಗೆ ಕೊಡಲು ಹೋದೆ. ಅಲ್ಲಿನ ಗುಮಾಸ್ತರು ಓದಿ ನೋಡಿ, “ಆ ಫೈಲು ಮುಚ್ಚಿ ವರ್ಷ ಆಯ್ತಲ್ಲಮ್ಮ, ಈಗ ಇದನ್ನ ಎಲ್ಲಿಗೆ ಸೇರಿಸ್ಲಿ?” ಎಂದು ಹಿಂದಕ್ಕೆ ಕೊಟ್ಟರು.

ಇಂದಿಗೂ ಚೈಲ್ಡ್ ಪ್ರೋಸೆಸ್ ಪಾಠ ಮಾಡುವಾಗ ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ: ಮಗುವನ್ನು ಹುಟ್ಟಿಸುವ ಆಜ್ಞೆ ಸರಿ ಎಂದು ಉತ್ತರ ಕೊಟ್ಟರೆ ಅದು ಹುಟ್ಟಿತು ಎಂದಷ್ಟೇ ಅರ್ಥ, ಮುಗಿಯುವವರೆಗೆ ಕಾಯಿರಿ, ಹೇಗೆ ಮುಗಿಯಿತು ಎಂದು ಕೇಳಿರಿ, ಅಲ್ಲಿಯವರೆಗೆ ಏನನ್ನೂ ಅಳಿಸಬೇಡಿ. ಅವರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲೂ ಬರೆಯುತ್ತಾರೆ. ಈ ವೃತ್ತಿ ನನಗೆ ಕಲಿಸಿದ ಇನ್ನೊಂದು ಪಾಠಕ್ಕೆ ಪಠ್ಯಕ್ರಮದಲ್ಲಿ ಜಾಗವಿಲ್ಲ. ತಪ್ಪು ನನ್ನದು ಎಂದು ಗೊತ್ತಾದ ದಿನವೇ ಹೇಳಬೇಕು. ನಿಜ ಹೇಳಲು ನಮಗೆ ಧೈರ್ಯ ಬಂದರೆ ಸಾಲದು, ಅದನ್ನು ಕೇಳಬೇಕಾದವರು ಆಗ ಬದುಕಿರಬೇಕು.